ಪದ್ಮಿನಿಯ ಬ್ಯಾಟರಿ ಟ್ರೇ: ತುಕ್ಕು ಬಂದದ್ದು ಎಲ್ಲಿಂದ?

ಹಳೆ ಕಾರಿನ ಬ್ಯಾಟರಿ ಟ್ರೇ ತೂತಾಗಿದೆ ಅಂತ ಯಾರ ಹತ್ತಿರ ಹೇಳಿದರೂ ಸಿಗುವ ಸಲಹೆ ಒಂದೇ. "ಮೇಲೊಂದು ತುಂಡು ಶೀಟ್ ಬೆಸೆಸಿ, ಕಪ್ಪು ಪೈಂಟ್ ಹೊಡೆಸಿ, ಆಯ್ತಲ್ಲ." ನಮ್ಮ ಪ್ರೀಮಿಯರ್ ಪದ್ಮಿನಿಗೆ ಹಿಂದೆ ಯಾರೋ ಹಾಗೇ ಮಾಡಿದ್ದರು. ಯಾವ ಗ್ಯಾರೇಜು, ಯಾವ ವರ್ಷ ಅಂತ ಮಾವನಿಗೂ ನೆನಪಿಲ್ಲ. ಈಗ ಆ ಶೀಟೂ ಹೋಗಿದೆ. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಒಂದೇ ಜಾಗ ಎರಡು ಸಲ ತಿಂದುಹೋಯಿತು ಅಂದರೆ ತಗಡನ್ನು ದೂರಿ ಪ್ರಯೋಜನ ಇಲ್ಲ. ಅದನ್ನು ತಿನ್ನುವ ಬ್ಯಾಟರಿಯ ಆಸಿಡ್ ಹೊರಗೆ ಎಲ್ಲಿಂದ ಬರುತ್ತಿದೆ? ಬಂದದ್ದು ಅಲ್ಲೇ ಯಾಕೆ ನಿಲ್ಲುತ್ತದೆ? ಈ ಎರಡಕ್ಕೆ ಉತ್ತರ ಸಿಗದೆ ಹೊಸ ಟ್ರೇ ಹಾಕಿದರೆ ಸುಮ್ನೆ ದುಡ್ಡು ದಂಡ. ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವಳು. ಆಸಿಡ್, ಕಬ್ಬಿಣ, ನೀರು ಮೂರೂ ಸೇರಿದ ವಿಷಯ ನಮ್ಮ ಮನೆಯ ಶೆಡ್ಡಿನಲ್ಲೇ ಇರುವಾಗ ಬಿಡುವುದು ಹೇಗೆ? ಬೇಸಿಗೆ ರಜೆ ಪೂರ್ತಿ ಇದರ ಹಿಂದೆಯೇ ಬಿದ್ದೆ. ಕರಾವಳಿಯಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆದೀತು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಮ್ಮದು 1986ರ ಗಾಡಿ. 1089 ಸಿಸಿ ಪೆಟ್ರೋಲ್ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಮೂಲದಲ್ಲಿ ಇದು ಫಿಯೆಟ್ 1100, ಪದ್ಮಿನಿ ಅನ್ನುವ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. ಮಾವ ಮಾತ್ರ ಇವತ್ತಿಗೂ "ಫಿಯೆಟ್ ತೆಗಿ" ಅಂತಲೇ ಹೇಳುವುದು. ಮನೆ ಇರುವುದು ಉಡುಪಿಯ ಕೊಡವೂರಿನಲ್ಲಿ. ಮಲ್ಪೆ ಕಡಲಿನ ಗಾಳಿ ಸೀದಾ ಅಂಗಳಕ್ಕೆ ಬರುತ್ತದೆ. ಕಿಟಕಿಯ ಸರಳೂ ಬಾಗಿಲಿನ ತಿರುಗಣೆಯೂ ತುಕ್ಕು ಹಿಡಿಯುವ ಊರು. ಹಾಗಾಗಿ ಕಾರಿನಲ್ಲಿ ಎಲ್ಲಿ ತುಕ್ಕು ಕಂಡರೂ "ಉಪ್ಪುಗಾಳಿ ಅಲ್ವಾ" ಅಂತ ಹೇಳಿ ಬಿಡುವುದು ಇಲ್ಲಿ ರೂಢಿ. ಬ್ಯಾಟರಿ ಟ್ರೇ ವಿಷಯದಲ್ಲಿ ಆ ಮಾತು ಸಾಲುವುದಿಲ್ಲ. ಅದೇ ಬಾನೆಟ್‌ನ ಒಳಗೆ, ಅದೇ ಗಾಳಿ ತಾಗುವ ಆಚೆ ಬದಿಯ ತಗಡು ಗಟ್ಟಿಯಾಗಿಯೇ ಉಂಟು. ಕಂಪೆನಿಯ ಪೈಂಟೂ ಅಲ್ಲಲ್ಲಿ ಉಳಿದಿದೆ. ತಿಂದುಹೋದದ್ದು ಬ್ಯಾಟರಿಯ ಕೆಳಗೆ, ಅದರ ಪಕ್ಕಕ್ಕೆ ಮತ್ತು ಅಲ್ಲಿಂದ ನೀರು ಇಳಿಯುವ ದಾರಿಯಲ್ಲಿ ಮಾತ್ರ.

ಬ್ಯಾಟರಿ ಎತ್ತಿ ಹಗಲು ಬೆಳಕಿನಲ್ಲಿ ನೋಡಿದರೆ ಬಣ್ಣಗಳೇ ಅರ್ಧ ಕಥೆ ಹೇಳುತ್ತವೆ. ಟರ್ಮಿನಲ್ ಸುತ್ತ ಬಿಳಿ ಪುಡಿ, ಅದು ಸೀಸದ ಸಲ್ಫೇಟ್. ವೈರಿನ ಬಾಯಿಯ ಹತ್ತಿರ ನೀಲಿ ಹಸಿರು, ಅಲ್ಲಿ ತಾಮ್ರಕ್ಕೂ ಆಸಿಡ್ ತಾಗಿದೆ ಅಂತ ಲೆಕ್ಕ. ಟ್ರೇ ಮೇಲೆ ಪದರ ಪದರವಾಗಿ ಏಳುವ ಕಂದು ತುಕ್ಕು. ಹಳೆ ಶೀಟಿಗೂ ಅದರ ಮೇಲೆ ಬೆಸೆದ ಶೀಟಿಗೂ ನಡುವಿನ ಸಂದಿಯಲ್ಲಿ ತಿಳಿ ಹಳದಿ ಬಣ್ಣದ, ಒದ್ದೆ ಜೇಡಿಯಂಥ ಒಂದು ವಸ್ತು. ನನಗೆ ಬೇಕಾದದ್ದು ಅದೇ. ಲ್ಯಾಬಿನಲ್ಲಿ ಬಳಸುವ ಪಿಎಚ್ ಕಾಗದದ (ಆಸಿಡ್ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು) ಚೂರು ಹರಿದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಆ ಸಂದಿಗೆ ಒತ್ತಿ ಹಿಡಿದೆ. ಕಾಗದ ಕಿತ್ತಳೆಯಾಗಿ, ನೋಡುತ್ತಿದ್ದ ಹಾಗೇ ಕೆಂಪಾಯಿತು. ಬ್ಯಾಟರಿ ಎತ್ತಿಟ್ಟು ವಾರಗಳೇ ಕಳೆದಿದ್ದವು. ಆದರೂ ಅಲ್ಲಿ ಆಸಿಡ್ ಜೀವಂತ ಇತ್ತು.

ಇದು ಯಾಕೆ ಹೀಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಒಳಗಿನ ನೀರಿನಲ್ಲಿ ತೂಕದ ಲೆಕ್ಕಕ್ಕೆ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ. ಅದರ ಹನಿ ಹೊರಗೆ ಬಿದ್ದರೆ ಬಿಸಿಲಿಗೆ ನೀರು ಆರುತ್ತದೆ, ಆಸಿಡ್ ಆರುವುದಿಲ್ಲ. ಆರಿದಷ್ಟೂ ಖಾರವಾಗುತ್ತದೆ. ಮಳೆಗಾಲ ಬಂದರೆ ಅದೇ ಆಸಿಡ್ ಗಾಳಿಯ ತೇವ ಎಳೆದುಕೊಂಡು ಮತ್ತೆ ಹರಡುತ್ತದೆ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಊರಿನಲ್ಲಿ ಆ ಸಂದಿ ಒಣಗುವುದು ಉಂಟಾ?

ಇನ್ನೂ ಒಂದು ವಿಷಯ ಉಂಟು, ಅದನ್ನು ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ. ಆಸಿಡ್ ಕಬ್ಬಿಣವನ್ನು ತಿಂದಾಗ ಕಬ್ಬಿಣದ ಸಲ್ಫೇಟ್ ಆಗುತ್ತದೆ. ಆಸಿಡ್ ಅಲ್ಲಿಗೆ ಖರ್ಚಾಯಿತು ಅಂತ ನಮಗೆ ಅನಿಸುತ್ತದೆ. ಆದರೆ ಗಾಳಿ ಮತ್ತು ತೇವ ಸಿಕ್ಕಿದರೆ ಆ ಸಲ್ಫೇಟ್ ತುಕ್ಕಾಗಿ ಬದಲಾಗುತ್ತದೆ, ಬದಲಾಗುವಾಗ ಆಸಿಡ್ ಅನ್ನು ವಾಪಸ್ ಬಿಡುತ್ತದೆ. ಆ ಆಸಿಡ್ ಮತ್ತೆ ಹೊಸ ಕಬ್ಬಿಣ ಹಿಡಿಯುತ್ತದೆ. ಅಂದರೆ ಒಂದು ಸಲ ಬಿದ್ದ ಆಸಿಡ್ ಎಷ್ಟೋ ಸಲ ಕೆಲಸ ಮಾಡುತ್ತದೆ. ತುಕ್ಕಿನ ಮೇಲೆ ಪೈಂಟ್ ಹೊಡೆದರೆ, ಶೀಟ್ ಮುಚ್ಚಿದರೆ ಈ ಚಕ್ರ ಒಳಗೆ ನಡೆಯುತ್ತಲೇ ಇರುತ್ತದೆ. ನಮ್ಮ ಕಾರಿನಲ್ಲಿ ಎರಡು ಶೀಟುಗಳ ನಡುವೆ ನಡೆದದ್ದು ಇದೇ.

ಇನ್ನು ಆಸಿಡ್ ಹೊರಗೆ ಬಂದದ್ದು ಹೇಗೆ? ಮಾವನ ಒಂದು ಮಾತು ನನಗೆ ದಾರಿ ತೋರಿಸಿತು. "ಈ ಗಾಡಿ ತಿಂಗಳು ತಿಂಗಳು ಬ್ಯಾಟರಿಗೆ ನೀರು ಕೇಳ್ತದೆ ಮಗಳೇ, ಹಳೆ ಗಾಡಿ ಅಲ್ವಾ." ಅವರು ತಪ್ಪದೆ ಡಿಸ್ಟಿಲ್ಡ್ ವಾಟರ್ ತಂದು ಹಾಕುತ್ತಿದ್ದರು. ಹೆಡ್‌ಲೈಟ್ ಬಲ್ಬುಗಳೂ ಬೇಗ ಬೇಗ ಹೋಗುತ್ತಿದ್ದವು. ಇವೆರಡೂ ಒಟ್ಟಿಗೆ ಇದ್ದರೆ ಮೊದಲು ಸಂಶಯಪಡಬೇಕಾದದ್ದು ಚಾರ್ಜಿಂಗ್ ಮೇಲೆ.

ಬ್ಯಾಟರಿಗೆ ಆರು ಸೆಲ್. ಒಂದು ಸೆಲ್‌ಗೆ 2.4 ವೋಲ್ಟ್, ಅಂದರೆ ಒಟ್ಟಿಗೆ 14.4 ವೋಲ್ಟ್ ದಾಟುವಾಗ ಒಳಗಿನ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಲು ಜೋರಾಗಿ ಶುರು ಮಾಡುತ್ತದೆ. ಬಾನೆಟ್ ಒಳಗೆ ಬಿಸಿ ಇರುವುದರಿಂದ ಅದಕ್ಕಿಂತ ಸ್ವಲ್ಪ ಮೊದಲೇ. ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಆಸಿಡ್‌ನ ಸಣ್ಣ ಸಣ್ಣ ಹನಿಗಳನ್ನು ಮುಚ್ಚಳದ ತೂತಿನಿಂದ ಹೊರಗೆ ಎತ್ತಿಕೊಂಡು ಬರುತ್ತವೆ. ಬ್ಯಾಟರಿಯ ಮೇಲ್ಭಾಗ ಯಾವಾಗಲೂ ಜಿಡ್ಡು ಜಿಡ್ಡಾಗಿ ಒದ್ದೆ ಇದ್ದರೆ ಅದು ಇದೇ.

ಮಲ್ಟಿಮೀಟರ್ ಇಟ್ಟು ನೋಡಿದೆ. ಇಂಜಿನ್ ಬಂದ್ ಇರುವಾಗ 12.6 ವೋಲ್ಟ್, ಏನೂ ತೊಂದರೆ ಇಲ್ಲ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಸ್ವಲ್ಪ ಕೊಟ್ಟಾಗ 15.2. ಇದು ಜಾಸ್ತಿ, ತುಂಬಾ ಜಾಸ್ತಿ. 14ರಿಂದ 14.4ರ ಒಳಗೆ ನಿಲ್ಲಬೇಕಿತ್ತು.

ಎಲೆಕ್ಟ್ರಿಕಲ್ ಅಂಗಡಿಯವರು ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿ ಇಡುವ ರೆಗ್ಯುಲೇಟರ್ ಹೋಗಿದೆ, ಹೊಸದು ಹಾಕಿ ಅಂದರು. ನಮ್ಮ ಗಾಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ಮಾವ ಹಿಂದೆಯೇ ತೆಗೆಸಿ, ಅದೇ ಕೆಲಸದ ಆಲ್ಟರ್ನೇಟರ್ ಹಾಕಿಸಿದ್ದರು. ಅದರ ರೆಗ್ಯುಲೇಟರ್ ಅದರ ಒಳಗಿಲ್ಲ, ಹೊರಗೆ ಕೂರಿಸಿದ ಚಿಕ್ಕ ತಗಡಿನ ಡಬ್ಬಿ. ಅದನ್ನು ಸ್ಕ್ರೂ ಹಾಕಿ ಕೂರಿಸಿದ್ದು ಬ್ಯಾಟರಿ ಪಕ್ಕದ ತಗಡಿಗೆ. ತುಕ್ಕು ಹಿಡಿದ ಅದೇ ತಗಡಿಗೆ! ಅಲ್ಲಿ ನನ್ನ ಕಣ್ಣು ನಿಂತಿತು. ಆ ಡಬ್ಬಿಗೆ ಬೇರೆ ಅರ್ತ್ ವೈರ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ವಾಪಸ್ ಹೋಗುವ ವೈರ್, ಇಲ್ಲ. ಅದರ ಮೈಯೇ ಅರ್ತ್, ಸ್ಕ್ರೂವೇ ದಾರಿ. ಆ ದಾರಿ ತುಕ್ಕಿನ ಮೇಲೆ ಹೋಗುತ್ತಿತ್ತು.

ಇಂಜಿನ್ ಓಡುವಾಗ, ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದೆ. ಎರಡೂ ಅರ್ತೇ ಆದ್ದರಿಂದ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ತೋರಿಸಿದ್ದು 0.9 ವೋಲ್ಟ್.

15.2ರಲ್ಲಿ 0.9 ಕಳೆಯಿರಿ. 14.3. ಅಂದರೆ ರೆಗ್ಯುಲೇಟರಿಗೆ ಕಾಣಿಸುತ್ತಿದ್ದದ್ದು ಸರಿಯಾದ ವೋಲ್ಟೇಜೇ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ನಡುವಿನ ತುಕ್ಕು ಅದಕ್ಕೆ ತಪ್ಪು ಲೆಕ್ಕ ಕೊಡುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ಒಂದು ವೈರ್ ತುಂಡು ತೆಗೆದು ರೆಗ್ಯುಲೇಟರಿನ ಮೈಯಿಂದ ಸೀದಾ ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟೆ. ಮೀಟರ್ 14.3ಕ್ಕೆ ಇಳಿದು ಅಲ್ಲೇ ನಿಂತಿತು. ಹೊಸ ರೆಗ್ಯುಲೇಟರ್ ಬೇಡವಾಯಿತು.

ಈಗ ಇಡೀ ಕಥೆ ಕೂಡಿ ಬಂತು. ಆಸಿಡ್ ತಗಡು ತಿಂದಿತು. ತುಕ್ಕು ಅರ್ತ್ ಕೆಡಿಸಿತು. ಅರ್ತ್ ಕೆಟ್ಟು ಚಾರ್ಜಿಂಗ್ ಏರಿತು. ಚಾರ್ಜಿಂಗ್ ಏರಿ ಮತ್ತಷ್ಟು ಆಸಿಡ್ ಹೊರಗೆ ಬಂತು. ಮೊದಲ ಹನಿ ಬಿದ್ದದ್ದು ಯಾವ ಕಾರಣಕ್ಕೋ ಏನೋ, ಆಮೇಲೆ ಒಂದಕ್ಕೊಂದು ಕೈಹಿಡಿದು ನಡೆದಿವೆ. ನಿಮ್ಮ ಗಾಡಿಯಲ್ಲೂ ಹೀಗೆ ಹೊರಗೆ ಕೂರಿಸಿದ ರೆಗ್ಯುಲೇಟರ್ ಇದ್ದರೆ ಟ್ರೇ ಮುಟ್ಟುವ ಮೊದಲು ಈ ಒಂದು ಅಳತೆ ದಯವಿಟ್ಟು ತೆಗೆಯಿರಿ. ಐದು ನಿಮಿಷದ ಕೆಲಸ.

ತೊಳೆಯುವ ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಪಕ್ಕದಲ್ಲೇ ಹೈಡ್ರೋಜನ್ ಇರುವ ಸಾಧ್ಯತೆ ಇರುವುದರಿಂದ ಇದನ್ನು ಶಾಸ್ತ್ರಕ್ಕೆ ಮಾಡುವುದಲ್ಲ, ಕಣ್ಣು ಉಳಿಸಿಕೊಳ್ಳಲು ಮಾಡುವುದು. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಹತ್ತಿಯ ಬಟ್ಟೆಗೆ ಆಸಿಡ್ ತಾಗಿದರೆ ಒಗೆದ ಮೇಲೆ ಅಲ್ಲಿ ತೂತು ಗ್ಯಾರಂಟಿ.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಅಡಿಗೆ ಸೋಡಾ. ಇದನ್ನು ಹಳೆ ಟ್ರೇ ಮೇಲೆ ಸುರಿದಾಗ ಬುಸ್ಸೆಂದು ನೊರೆ ಎದ್ದಿತು, ಹಳದಿ ಬಣ್ಣದ ನೊರೆ. ನೊರೆ ನಿಂತ ಮೇಲೆ ವೈರ್ ಬ್ರಶ್‌ನಲ್ಲಿ ತಿಕ್ಕಿ ಮತ್ತೆ ಸುರಿದರೆ ಮತ್ತೆ ನೊರೆ, ಯಾಕೆಂದರೆ ತುಕ್ಕಿನ ಕೆಳಗಿನ ಪದರದಲ್ಲಿ ಇನ್ನೂ ಆಸಿಡ್ ಉಂಟು. ನೊರೆ ಏಳುವುದು ಪೂರ್ತಿ ನಿಲ್ಲುವ ತನಕ ಬಿಡಬಾರದು. ಆಮೇಲೆ ಧಾರಾಳ ನೀರು. ಕೊನೆಗೆ ಪಿಎಚ್ ಕಾಗದ. ಅದು ಹಸಿರು ಬಂದರೆ ಮಾತ್ರ ಮುಂದಿನ ಕೆಲಸ. ಬ್ಯಾಟರಿಯ ಮೇಲ್ಭಾಗವನ್ನೂ ಸೋಡಾ ನೀರಿನಲ್ಲಿ ಒರೆಸಬಹುದು, ಆದರೆ ಮುಚ್ಚಳಗಳು ಬಿಗಿಯಾಗಿರಲಿ. ಸೋಡಾ ಒಳಗೆ ಹೋದರೆ ಒಳಗಿನ ಆಸಿಡ್ ಹಾಳು. ತೊಳೆದ ನೀರು ಬೀಳುವ ಜಾಗದಲ್ಲಿ ನಮ್ಮ ಮಲ್ಲಿಗೆ ಗಿಡ ಇತ್ತು, ಅದಕ್ಕೆ ಕೆಳಗೆ ಬಕೆಟ್ ಇಟ್ಟೆ. ಆ ನೀರಿನಲ್ಲಿ ಸೀಸ ಇರುತ್ತದೆ, ಗಿಡದ ಬುಡಕ್ಕೂ ಬಾವಿಯ ಹತ್ತಿರಕ್ಕೂ ಹೋಗಬಾರದು.

ಬೆಸೆಯುವ ಕೆಲಸ ನನ್ನದಲ್ಲ. ಅದಕ್ಕೆ ಸಂತೆಕಟ್ಟೆ ಕಡೆಯ ಒಬ್ಬ ಟಿಂಕರಿಂಗ್ ಆಚಾರ್ರನ್ನು ಹಿಡಿದೆ. ಹಳೆ ಗಾಡಿಗಳ ತಗಡಿನ ಕೆಲಸ ಅವರಷ್ಟು ತಾಳ್ಮೆಯಿಂದ ಮಾಡುವವರನ್ನು ನಾನು ಕಂಡಿಲ್ಲ. ಅವರು ಮೊದಲು ಮಾಡಿದ್ದು ಬೆರಳಿನ ಗೆಣ್ಣಿನಿಂದ ತಗಡನ್ನು ತಟ್ಟುತ್ತಾ ಹೋದದ್ದು. ಗಟ್ಟಿ ತಗಡಿನ ಶಬ್ದ ಬೇರೆ, ಸತ್ತ ತಗಡಿನ ಶಬ್ದ ಬೇರೆ. ಶಬ್ದ ಬದಲಾದಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ನಾನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಕೆಳಗೆ ಹೋಯಿತು, ಮಡ್‌ಗಾರ್ಡಿನ ಒಳಬದಿಯ ತಗಡಿನ ತನಕ.

"ಟೀಚರೇ, ಟ್ರೇ ಬಿಡಿ. ಟ್ರೇ ಕೂತ ಜಾಗವೇ ಹೋಗಿದೆ. ಮೊದಲು ಅದು."

ಹಳೆಯದು, ಅದರ ಮೇಲಿನದು ಎರಡನ್ನೂ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದರು. ಬೆಳ್ಳಗೆ ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿದರು. ಬೆಸೆಯುವ ಮೊದಲು ಆಲ್ಟರ್ನೇಟರಿನ ವೈರ್ ಬಿಚ್ಚಿಸಿದರು. ಪಂಪಿಗೆ ಬರುವ ಪೆಟ್ರೋಲ್ ಪೈಪ್ ತೆಗೆದು ಬಾಯಿ ಮುಚ್ಚಿ ದೂರ ಕಟ್ಟಿದರು. ಇಂಜಿನ್ ಮೇಲೆ, ಮಡ್‌ಗಾರ್ಡಿನ ಮೇಲೆ ಒದ್ದೆ ಗೋಣಿ ಹಾಸಿದರು, ಪಕ್ಕದಲ್ಲಿ ನೀರಿನ ಬಕೆಟ್. ಮಾಮೂಲಿ ಆರ್ಕ್ ವೆಲ್ಡಿಂಗ್ ಈ ತೆಳು ತಗಡಿಗೆ ಆಗುವುದಿಲ್ಲ, ತೂತು ಬೀಳುತ್ತದೆ. ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ಬೆಸೆಯುವ) ವೆಲ್ಡಿಂಗ್‌ನಲ್ಲಿ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಚುಕ್ಕೆ ಆಚೆ ತುದಿಯಲ್ಲಿ, ನಡುವೆ ಆರಲು ಬಿಟ್ಟು ಮಾಡಿದರು. ಒಂದೇ ಕಡೆಯಿಂದ ಉದ್ದಕ್ಕೆ ಎಳೆದರೆ ಬಿಸಿಗೆ ಶೀಟ್ ತಿರುಚುತ್ತದೆ. ಪ್ಯಾಚಿಗೆ 18 ಗೇಜ್ ಶೀಟ್, ಅಂದರೆ ಹೆಚ್ಚುಕಡಿಮೆ 1.2 ಮಿಲಿಮೀಟರ್. ಟ್ರೇಗೂ ಅದನ್ನು ಹೊರುವ ಬ್ರ್ಯಾಕೆಟ್‌ಗೂ 16 ಗೇಜ್, 1.6 ಮಿಲಿಮೀಟರ್.

ಟ್ರೇ ಯಾವುದರಲ್ಲಿ ಮಾಡುವುದು ಅನ್ನುವುದಕ್ಕೆ ಮನೆಯಲ್ಲೂ ಹೊರಗೂ ಬಹಳ ಚರ್ಚೆ ಆಯಿತು. ಗುಜರಿಯಲ್ಲಿ ಹುಡುಕಿದೆ. ಸಿಕ್ಕಿದ ಹಳೆ ಟ್ರೇಗಳೂ ನಮ್ಮದರ ಹಾಗೇ ಇದ್ದವು, ಅವುಗಳಿಗೂ ಆಸಿಡ್ ಬಿದ್ದದ್ದೇ ಅಲ್ವಾ. ಹೋಟೆಲಿನ ಸಿಂಕ್, ಪಾತ್ರೆ ಸ್ಟ್ಯಾಂಡ್ ಮಾಡುವ ಉಡುಪಿಯ ಒಂದು ಫ್ಯಾಬ್ರಿಕೇಷನ್ ಅಂಗಡಿಯವರು "304 ಸ್ಟೀಲ್‌ನಲ್ಲಿ ಮಾಡಿ ಕೊಡ್ತೇನೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಅಂದರು. 304 ಅಂದರೆ ಪಾತ್ರೆಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್. ಸಾಂಬಾರಿಗೆ, ಹುಳಿಗೆ ಅದು ಇರುತ್ತದೆ, ಸರಿ. ಬ್ಯಾಟರಿಯ ಆಸಿಡ್ ಇರುವ ಸಾಂದ್ರತೆಗೆ 304 ತಡೆಯುವುದಿಲ್ಲ, ಅದನ್ನೂ ತಿನ್ನುತ್ತದೆ. ಮೇಲಾಗಿ ಸ್ಟೇನ್‌ಲೆಸ್ ಮತ್ತು ಸಾದಾ ಕಬ್ಬಿಣ ಒಟ್ಟಿಗೆ ತಾಗಿಕೊಂಡು ಉಪ್ಪುನೀರಿನ ತೇವದಲ್ಲಿ ಇದ್ದರೆ ಮೊದಲು ತುಕ್ಕು ಹಿಡಿಯುವುದು ಸಾದಾ ಕಬ್ಬಿಣ, ಅಂದರೆ ನಮ್ಮ ಕಾರಿನ ಬಾಡಿ. ಟ್ರೇ ಉಳಿಸಲು ಹೋಗಿ ಬಾಡಿ ಕಳೆದುಕೊಳ್ಳುವ ವ್ಯಾಪಾರ ನನಗೆ ಬೇಡ.

ಜಿಐ ಶೀಟ್ ಇನ್ನೊಂದು ಸಲಹೆ. ಸತುವಿನ ಲೇಪ ಉಪ್ಪುಗಾಳಿಗೆ ಒಳ್ಳೆಯದು. ಆದರೆ ಸತುವಿನ ಚೂರನ್ನು ಸಲ್ಫ್ಯೂರಿಕ್ ಆಸಿಡ್‌ಗೆ ಹಾಕಿ ಹೈಡ್ರೋಜನ್ ಹಿಡಿಯುವುದನ್ನು ಹೈಸ್ಕೂಲಿನಲ್ಲೇ ತೋರಿಸುತ್ತೇವೆ. ಕಬ್ಬಿಣಕ್ಕಿಂತ ಬೇಗ ಕರಗುವುದು ಸತು. ಬೆಸೆಯುವಾಗ ಏಳುವ ಸತುವಿನ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ ಅಂತ ಆಚಾರ್ರಿಗೂ ಅನುಭವದಿಂದ ಗೊತ್ತಿತ್ತು.

ಇದೇ ಕಾರಣಕ್ಕೆ ಟ್ರೇಗೆ ಯಾವ ಪೈಂಟ್ ಅಂತ ಮಲ್ಪೆಯ ಬೋಟಿಗೆ ಪೈಂಟ್ ಹೊಡೆಯುವವರ ಹತ್ತಿರ ಕೇಳುವಾಗಲೂ ಜಾಗ್ರತೆಯಿಂದ ಕೇಳಬೇಕಾಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡದ ಹತ್ತಿರ ಬಂದು ನಿಲ್ಲುವ ಆ ಹೊತ್ತಿಗೆ ಪೈಂಟಿನವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅದಕ್ಕೆ ಮೇ ತಿಂಗಳಲ್ಲೇ ಹೋಗಿ ಪರಿಚಯದ ಒಬ್ಬರನ್ನು ಮಾತಾಡಿಸಿದೆ. ಕಬ್ಬಿಣದ ಬೋಟಿಗೆ ಅವರು ಸತು ತುಂಬಿದ ಪ್ರೈಮರ್, ಅದರ ಮೇಲೆ ಎಪಾಕ್ಸಿ, ಅಂದರೆ ಎರಡು ಡಬ್ಬಿಯದ್ದನ್ನು ಕಲಸಿ ಬಳಿಯುವ ಗಟ್ಟಿ ಪೈಂಟ್, ಹೊಡೆಯುವ ಕ್ರಮ ಹೇಳಿದರು. ಕಡಲಿಗೆ ಅದು ಸರಿ. ಬ್ಯಾಟರಿಯ ಕೆಳಗೆ ಮೊದಲನೆಯದು ಬೇಡ, ಎರಡನೆಯದು ಮಾತ್ರ ಬೇಕು ಅಂತ ನಾನು ಕಾರಣ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರೇ ಸೀದಾ ಹೊಡೀರಿ ಅಕ್ಕ, ಆದರೆ ಲೋಹ ಒರಟಾಗಿರಬೇಕು, ಒಣಗಿರಬೇಕು, ಮೋಡ ಇರುವ ದಿನ ಬೇಡವೇ ಬೇಡ" ಅಂದರು. ಈ ಕೊನೆಯ ಮಾತು ಬಂಗಾರ. ಎಪಾಕ್ಸಿ ಒಣಗುವಾಗ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಮೇಲೆ ಒಂದು ಅಂಟು ಪೊರೆ ಕಟ್ಟುತ್ತದೆ, ಅದರ ಮೇಲೆ ಹೊಡೆದ ಕೋಟ್ ಹಿಡಿಯುವುದಿಲ್ಲ. ಮೇ ತಿಂಗಳ ಬಿಸಿಲಿನ ಮಧ್ಯಾಹ್ನ ಆರಿಸಿಕೊಂಡೆವು.

ಕೊನೆಗೆ ಟ್ರೇ ಆದದ್ದು ಸಾದಾ ಕಬ್ಬಿಣದ ಶೀಟಿನಲ್ಲೇ. ಆದರೆ ಕೂರಿಸುವ ಕ್ರಮ ಬದಲಾಯಿಸಿದೆವು. ಬೆಸೆದು ಬಿಡುವುದು ಬೇಡ, ಬೋಲ್ಟ್ ಹಾಕಿ ಕೂರಿಸೋಣ ಅಂತ ನಾನು ಹಠ ಹಿಡಿದೆ. ಆಸಿಡ್ ಬೀಳುವ ಜಾಗದಲ್ಲಿ ಇರುವ ವಸ್ತು ಒಂದಲ್ಲ ಒಂದು ದಿನ ಹೋಗುತ್ತದೆ. ಹೋಗುವುದಾದರೆ ಟ್ರೇ ಹೋಗಲಿ, ನಾಲ್ಕು ಬೋಲ್ಟ್ ಬಿಚ್ಚಿ ಬೇರೆ ಹಾಕಬಹುದು. ಬಾಡಿ ಹೋಗಬಾರದು. ಬೋಲ್ಟಿನ ಕೆಳಗೆ ದಪ್ಪ ರಬ್ಬರ್ ವಾಷರ್ ಕೊಟ್ಟು ಟ್ರೇಗೂ ಬಾಡಿಗೂ ನಡುವೆ ಅರ್ಧ ಇಂಚು ಜಾಗ ಬಿಟ್ಟೆವು. ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ, ಕೈ ಹಾಕಿ ಒರೆಸಲೂ ಆಗುತ್ತದೆ.

ಅಳತೆಗೆ ಮಿಕ್ಸಿಯ ರಟ್ಟಿನ ಪೆಟ್ಟಿಗೆ ಕತ್ತರಿಸಿದೆ. ಬ್ಯಾಟರಿಯ ಸುತ್ತ ಅರ್ಧ ಇಂಚು ಬಿಟ್ಟು, ಅಂಚನ್ನು ಮುಕ್ಕಾಲು ಇಂಚು ಮೇಲಕ್ಕೆ ಮಡಚುವ ಹಾಗೆ. ಮೂಲೆಗಳನ್ನು ಆಚಾರ್ರು ಕತ್ತರಿಸಿ ಬಿಡದೆ ಒಳಕ್ಕೆ ಮಡಚಿ ಬೆಸೆದರು, ಒಂದು ಹನಿಯೂ ಸೋರಬಾರದು ಅಂತ. ತಳವನ್ನು ಸುತ್ತಿಗೆಯಿಂದ ಮೆಲ್ಲ ಮೆಲ್ಲ ತಟ್ಟಿ ಒಂದು ಮೂಲೆಗೆ ಇಳಿಜಾರು ಮಾಡಿದರು. ಆ ಮೂಲೆಯಲ್ಲಿ 10 ಮಿಲಿಮೀಟರ್ ತೂತು, ಅದಕ್ಕೆ ಚಿಕ್ಕ ಕೊಳವೆ ಬೆಸೆದು ರಬ್ಬರ್ ಪೈಪ್ ಸಿಕ್ಕಿಸಿದ್ದೇವೆ. ಪೈಪಿನ ಬಾಯಿ ಬಾಡಿಗೆಲ್ಲೂ ತಾಗದೆ ಸೀದಾ ರಸ್ತೆಗೆ. ಹಳೆ ಟ್ರೇಯಲ್ಲಿ ನೀರು ಹೋಗಲು ದಾರಿ ಇದ್ದಿರಬಹುದು, ಮೇಲೆ ಬೆಸೆದ ಶೀಟ್ ಅದನ್ನೂ ಮುಚ್ಚಿತ್ತು.

ಪೈಂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಮರಿ ಪೇಪರಿನಲ್ಲಿ ಒರಟು ಮಾಡಿ, ಥಿನ್ನರಿನಲ್ಲಿ ಒರೆಸಿ, ಎರಡು ಕೋಟ್ ಎಪಾಕ್ಸಿ ಪ್ರೈಮರ್, ಬೆಸುಗೆಯ ಸಂದುಗಳಿಗೆ ಸೀಲರ್, ಮೇಲೆ ಎಪಾಕ್ಸಿ ಪೈಂಟ್. ಮುಟ್ಟಿದರೆ ಒಣಗಿದೆ ಅನಿಸುವುದು ಒಂದೇ ದಿನಕ್ಕೆ. ಪೂರ್ತಿ ಗಟ್ಟಿಯಾಗಿ ಆಸಿಡ್ ತಡೆಯುವ ಹಾಗಾಗಲು ಒಂದು ವಾರ ಬೇಕು, ಅಲ್ಲಿಯ ತನಕ ಬ್ಯಾಟರಿ ಇಡಬಾರದು. ಕೈ ಸಿಗದ ಒಳಬದಿಗೆ ಬ್ರಶ್ಶಿನ ಹಿಡಿಗೆ ಕಡ್ಡಿ ಕಟ್ಟಿ ಬಳಿದೆ. ಅಲ್ಲಿ ಬಳಿಯದೆ ಬಿಟ್ಟರೆ ಬೆಸೆದ ಪ್ಯಾಚಿನ ಹಿಂಬದಿ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ.

ಇಷ್ಟಾದ ಮೇಲೂ ಲೋಹಕ್ಕೆ ಆಸಿಡ್ ತಾಗದಂತೆ ನಡುವೆ ಒಂದು ವಸ್ತು ಇದ್ದರೆ ಒಳ್ಳೆಯದು. ನಮ್ಮ ಲ್ಯಾಬಿಗೆ ಆಸಿಡ್ ಬರುವುದೇ ಬಿಳಿ ಪ್ಲಾಸ್ಟಿಕ್ ಕ್ಯಾನಿನಲ್ಲಿ. ಬ್ಯಾಟರಿಯ ಪೆಟ್ಟಿಗೆಯೂ ಪ್ಲಾಸ್ಟಿಕ್ಕೇ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಬರುವ 20 ಲೀಟರಿನ ಖಾಲಿ ಕ್ಯಾನಿನ ತಳವನ್ನು ಒಂದು ಇಂಚು ಎತ್ತರಕ್ಕೆ ಕತ್ತರಿಸಿದೆ. ಅದು ಟ್ರೇ ಒಳಗೆ ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತು. ಬ್ಯಾಟರಿ ಈಗ ಅದರ ಒಳಗೆ ಉಂಟು. ಹನಿ ಬಿದ್ದರೆ ಅಲ್ಲೇ ಕಾಣುತ್ತದೆ, ಎತ್ತಿ ತೊಳೆದು ವಾಪಸ್ ಇಡಬಹುದು. ಬೇರೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಹಳೆ ಗಾಡಿಗೆ ಅರ್ಧ ರಕ್ಷಣೆ.

ಬ್ಯಾಟರಿ ಅಲುಗಾಡಬಾರದು, ಅದಕ್ಕೆ ಮೇಲಿನಿಂದ ಒಂದು ಆಂಗಲ್ ಪಟ್ಟಿ, ಎರಡು ಉದ್ದ ಬೋಲ್ಟ್. ಪಟ್ಟಿಗೆ ರಬ್ಬರ್ ಪೈಪ್ ಸೀಳಿ ತೊಡಿಸಿದ್ದೇನೆ, ಟರ್ಮಿನಲ್‌ಗೆ ತಾಗಿ ಶಾರ್ಟ್ ಆಗದ ಹಾಗೆ. ಗುಂಡಿ ರಸ್ತೆಯಲ್ಲಿ ಕುಣಿಯುವ ಬ್ಯಾಟರಿ ಆಸಿಡ್ ಚೆಲ್ಲುತ್ತದೆ, ಒಳಗಿನ ಪ್ಲೇಟಿಗೆ ಮೆತ್ತಿದ ಪದಾರ್ಥವೂ ಉದುರುತ್ತದೆ.

ಅರ್ತ್ ಮೂರು ಕಡೆ ಕೊಟ್ಟೆವು. ನೆಗೆಟಿವ್‌ನಿಂದ ದಪ್ಪ ಕೇಬಲ್ ಸೀದಾ ಇಂಜಿನ್‌ಗೆ, ಯಾಕೆಂದರೆ ಸ್ಟಾರ್ಟರ್ ಎಳೆಯುವ ಕರೆಂಟ್ ಬೇರೆಲ್ಲದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಇನ್ನೊಂದು ಬಾಡಿಗೆ, ಪೈಂಟ್ ಕೆರೆದ ಬೆಳ್ಳಗಿನ ಲೋಹದ ಮೇಲೆ ಕಚ್ಚುವ ವಾಷರ್ ಹಾಕಿ, ಬಿಗಿ ಮಾಡಿದ ಮೇಲೆ ಗ್ರೀಸ್ ಬಳಿದು. ಮೂರನೆಯದು ಸಣ್ಣ ವೈರ್, ರೆಗ್ಯುಲೇಟರಿನ ಮೈಗೆ. ಇನ್ನು ತಗಡು ತುಕ್ಕು ಹಿಡಿದರೂ ಅದರ ಲೆಕ್ಕ ತಪ್ಪುವುದಿಲ್ಲ. ಈಗ ರೆಗ್ಯುಲೇಟರಿನ ಮೈಗೂ ನೆಗೆಟಿವ್‌ಗೂ ನಡುವೆ ಮೀಟರ್ ತೋರಿಸುವುದು 0.02. ಚಾರ್ಜಿಂಗ್ 14.2.

ಸ್ಟಾರ್ಟ್ ಮಾಡಿದ್ದು ಮಾವ. ಮೊದಲೆಲ್ಲ ಬೆಳಿಗ್ಗೆ ಸ್ಟಾರ್ಟರ್ ನರಳುತ್ತಾ ತಿರುಗುತ್ತಿತ್ತು, ಅದಕ್ಕೂ ಕಾರಣ ಕೆಟ್ಟ ಅರ್ತೇ. ಈಗ ಚೋಕ್ ಎಳೆದು ಕೀ ತಿರುಗಿಸಿದರೆ ಸಾಕು. ಮಾವ ತಲೆ ಹೊರಗೆ ಹಾಕಿ, "ಹೊಸ ಬ್ಯಾಟರಿ ಹಾಕಿದ್ಯಾ?" ಅಂತ ಕೇಳಿದರು. ಬ್ಯಾಟರಿ ಅದೇ ಹಳೆಯದು. ಕೇಬಲ್ ಎಲ್ಲೆಲ್ಲಿ ಕೊಟ್ಟಿದ್ದೇನೆ ಅಂತ ತೋರಿಸಿದೆ. ಅವರು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನೀರಿನ ಮಟ್ಟ ನೋಡುವ ಜವಾಬ್ದಾರಿ ತಮ್ಮದೇ ಅಂತ ಹೇಳಿ ಬಾನೆಟ್ ಹಾಕಿದರು. ತಿಂಗಳು ಕಳೆದು ನೋಡಿದಾಗ ನೀರು ಇಳಿದಿರಲಿಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಪಿಎಚ್ ಕಾಗದ ಹಸಿರೇ ಬಂತು.

ಖರ್ಚು ಆಚಾರ್ರ ಕೂಲಿ, ಶೀಟ್, ಎಪಾಕ್ಸಿ, ಕೇಬಲ್ ಎಲ್ಲ ಸೇರಿ ಐದು ಸಾವಿರದ ಒಳಗೆ ಮುಗಿಯಿತು. ಎಪಾಕ್ಸಿಯ ಚಿಕ್ಕ ಡಬ್ಬಿ ಎಲ್ಲ ಕಡೆ ಸಿಗುವುದಿಲ್ಲ, ಬೋಟಿನ ಪೈಂಟ್ ಮಾರುವ ಅಂಗಡಿಯಲ್ಲಿ ಕೇಳಿ.

ರಟ್ಟಿನ ಅಚ್ಚು ನನ್ನ ಹತ್ತಿರ ಜೋಪಾನವಾಗಿ ಉಂಟು. ಉಡುಪಿ, ಮಂಗಳೂರು ಕಡೆ ಪದ್ಮಿನಿ ಇಟ್ಟುಕೊಂಡವರು ಬಂದು ಗೆರೆ ಎಳೆದುಕೊಂಡು ಹೋಗಬಹುದು. ನಿಮ್ಮ ಬ್ಯಾಟರಿ ದೊಡ್ಡದಿದ್ದರೆ ಉದ್ದ, ಅಗಲ ಅಷ್ಟು ಜಾಸ್ತಿ ಮಾಡಿ, ಅಂಚಿನ ಮುಕ್ಕಾಲು ಇಂಚು ಮಾತ್ರ ಕಡಿಮೆ ಮಾಡಬೇಡಿ. ಬರುವಾಗ ಗಾಡಿಯನ್ನೇ ತನ್ನಿ. ಮೀಟರ್ ಇಟ್ಟು ಅರ್ತ್ ನೋಡಿ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.